ಬೆಕ್ಕಿಗೆ ಚರ್ಮದಡಿ ದ್ರವ ಕೊಡಲು ಯಾವ ಸೂಜಿ: 18, 20, 22 ಮತ್ತು ಬಟರ್‌ಫ್ಲೈ

ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವ ಬೆಕ್ಕಿಗೆ ಮನೆಯಲ್ಲೇ ರಿಂಗರ್ ಲ್ಯಾಕ್ಟೇಟ್ (ದೇಹದ ನೀರಿನ ಕೊರತೆ ತುಂಬುವ ಲವಣದ್ರವ) ಕೊಡಬೇಕೆಂದು ಪಶುವೈದ್ಯರು ಹೇಳಿದಾಗ, ಎಷ್ಟು ಮಿಲಿ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಸೂಜಿಯ ಆಯ್ಕೆ ಮಾತ್ರ ಹೆಚ್ಚಾಗಿ ಮೆಡಿಕಲ್ ಶಾಪಿನಲ್ಲಿ ಏನು ಸಿಗುತ್ತದೆ ಎಂಬುದರ ಮೇಲೆ ನಿಂತುಬಿಡುತ್ತದೆ. ನಮ್ಮ ಬೆಕ್ಕಿಗೆ ವೈದ್ಯರು ಗೊತ್ತುಮಾಡಿದ್ದು ಒಂದು ಸಲಕ್ಕೆ 100 ಮಿಲಿ. ಅಷ್ಟನ್ನೇ ಬೇರೆ ಬೇರೆ ಸೂಜಿಗಳಲ್ಲಿ ಕೊಟ್ಟು ನೋಡಿದ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು: ಚುಚ್ಚುವ ಕ್ಷಣದ ನೋವನ್ನಷ್ಟೇ ಲೆಕ್ಕ ಹಾಕಿ ಸೂಜಿ ಆರಿಸಬಾರದು, ಬೆಕ್ಕು ಅಲುಗಾಡದೆ ಕುಳಿತಿರಬೇಕಾದ ನಿಮಿಷಗಳನ್ನೂ ಅದರೊಂದಿಗೆ ಕೂಡಿಸಬೇಕು.

18, 20, 22 ಎಂಬುವು ಸೂಜಿಯ ದಪ್ಪವನ್ನು ಸೂಚಿಸುವ ಗೇಜ್ ಸಂಖ್ಯೆಗಳು; ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳುವಾಗುತ್ತದೆ. 18ರ ಹೊರವ್ಯಾಸ ಸುಮಾರು 1.2 ಮಿ.ಮೀ., 20ರದು 0.9, 22ರದು 0.7. ನೋಡಲು ವ್ಯತ್ಯಾಸ ಅಲ್ಪವೆನಿಸಿದರೂ, ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣವು ಒಳಗಿನ ತ್ರಿಜ್ಯದ ನಾಲ್ಕನೇ ಘಾತವನ್ನು ಅವಲಂಬಿಸಿರುವುದರಿಂದ, 20ರಿಂದ 22ಕ್ಕೆ ಹೋದರೆ ಹರಿವು ಲೆಕ್ಕದ ಪ್ರಕಾರ ಕಾಲುಭಾಗಕ್ಕಿಂತಲೂ ಕಡಿಮೆಯಾಗಬೇಕು. ಬಾಟಲಿಯಿಂದ ಸೂಜಿಗೆ ದ್ರವ ತರುವ ಡ್ರಿಪ್ ಸೆಟ್ಟಿನ ತಡೆಯೂ ಸೇರುವುದರಿಂದ ನಿಜದಲ್ಲಿ ಅಷ್ಟು ದೊಡ್ಡ ಅಂತರ ಕಾಣುವುದಿಲ್ಲವಾದರೂ, ಬೆಕ್ಕಿನ ತಾಳ್ಮೆಯನ್ನು ಕೆಡಿಸುವಷ್ಟು ಅಂತರವಂತೂ ಇದ್ದೇ ಇರುತ್ತದೆ.

ಗುಲಾಬಿ ಬುಡದ 18ರಲ್ಲಿ ಎರಡು ಮೂರು ನಿಮಿಷದೊಳಗೆ ಕೆಲಸ ಮುಗಿಯುತ್ತಿತ್ತು. ದೊಡ್ಡ ನಾಯಿಗಳಿಗೆ ಇದೇ ಅನುಕೂಲವೆಂದು ನಾನೂ ಒಪ್ಪುತ್ತೇನೆ. ಆದರೆ ವಯಸ್ಸಾಗಿ ಮೈ ಸೊರಗಿದ ಬೆಕ್ಕಿನ ಚರ್ಮದಲ್ಲಿ ಅದು ಮಾಡುವ ರಂಧ್ರ ದೊಡ್ಡದು. ಸೂಜಿ ತೆಗೆದ ಮೇಲೆ ಚರ್ಮವನ್ನು ಬೆರಳುಗಳಿಂದ ಹಿಡಿದುಕೊಂಡರೂ ಒಂದಿಷ್ಟು ದ್ರವ ಹೊರಬಂದು ಕೂದಲು ತೊಯ್ಯುತ್ತಿತ್ತು, ಚುಚ್ಚುವಾಗ ಬೆಕ್ಕು ಪ್ರತಿ ಸಲವೂ ಬೆಚ್ಚುತ್ತಿತ್ತು.

ಕಪ್ಪು ಬುಡದ 22 ಇದಕ್ಕೆ ತೀರಾ ವಿರುದ್ಧ. ಚುಚ್ಚಿದ್ದು ಬೆಕ್ಕಿಗೆ ಗೊತ್ತೇ ಆಗುತ್ತಿರಲಿಲ್ಲ, ಸೋರಿಕೆಯೂ ಇಲ್ಲ. ಆದರೆ ಹತ್ತು ನಿಮಿಷ ಸಮೀಪಿಸಿದರೂ ಬಾಟಲಿಯಲ್ಲಿ ದ್ರವ ಉಳಿದಿರುತ್ತಿತ್ತು. ಅರ್ಧಕ್ಕೇ ಎದ್ದು ಹೊರಟ ಬೆಕ್ಕಿಗೆ ಇನ್ನೊಮ್ಮೆ ಚುಚ್ಚಬೇಕಾದರೆ ತೆಳು ಸೂಜಿಯಿಂದ ಆದ ಉಪಕಾರವೆಲ್ಲ ವ್ಯರ್ಥವಾದಂತೆಯೇ. ಬಾಟಲಿಯನ್ನು ಇನ್ನಷ್ಟು ಎತ್ತರಕ್ಕೆ ತೂಗುಹಾಕಿದರೆ ಹರಿವು ಸ್ವಲ್ಪ ಹೆಚ್ಚುತ್ತದೆ, ಅದು ಸಾಲದು.

ನೀಲಿ ರೆಕ್ಕೆಯ 23ರ ಬಟರ್‌ಫ್ಲೈಯನ್ನು, ಅಂದರೆ ಸ್ಕಾಲ್ಪ್ ವೇನ್ ಸೆಟ್ಟನ್ನು, ಡ್ರಿಪ್ಪಿಗೆ ಜೋಡಿಸುವುದು ವ್ಯರ್ಥ. 50 ಮಿಲಿಯ ಸಿರಿಂಜಿನಿಂದ ಒತ್ತಿ ಕೊಡುವುದಕ್ಕೆ ಮಾತ್ರ ಅದು ಹೊಂದುತ್ತದೆ. ರೆಕ್ಕೆಯನ್ನು ಹಿಡಿದುಕೊಳ್ಳಲು ಸುಲಭ, ಮೃದುವಾದ ಟ್ಯೂಬ್ ಇರುವುದರಿಂದ ಬೆಕ್ಕು ಕೊಂಚ ಸರಿದರೂ ಸೂಜಿ ಕಳಚಿಕೊಳ್ಳುವುದಿಲ್ಲ. ಇಷ್ಟಾದರೂ 100 ಮಿಲಿಗೆ ನಡುವೆ ಸಿರಿಂಜ್ ಬದಲಿಸಲೇಬೇಕು, ಒತ್ತಿ ಒತ್ತಿ ಕೈ ಸೋಲುತ್ತದೆ. ಸ್ವಲ್ಪವೇ ದ್ರವ ಬೇಕಾಗುವ ಮರಿಗಳಿಗೆ ಇದನ್ನೇ ಆರಿಸುತ್ತೇನೆ.

ಕೊನೆಗೆ ನಮ್ಮಲ್ಲಿ ನೆಲೆನಿಂತದ್ದು ಹಳದಿ ಬುಡದ 20. ಅದರಲ್ಲೂ ಒಂದು ಇಂಚು ಉದ್ದದ, ತೆಳು ಗೋಡೆಯ ಸೂಜಿ. ತೆಳು ಗೋಡೆಯೆಂದರೆ ಹೊರಗಾತ್ರ ಅಷ್ಟೇ ಇದ್ದು ಒಳಗಿನ ದಾರಿ ಹೆಚ್ಚು ಅಗಲವಾಗಿರುತ್ತದೆ. ಮಾಮೂಲಿ 20ರಲ್ಲಿ ಐದಾರು ನಿಮಿಷ ಹಿಡಿಯುತ್ತಿದ್ದ ಕೆಲಸ ಇದರಲ್ಲಿ ನಾಲ್ಕರ ಆಸುಪಾಸಿನಲ್ಲಿ ಮುಗಿಯುತ್ತದೆ, ಬೆಕ್ಕು ಬೆಚ್ಚುವುದೂ ಅಪರೂಪ. ಎಲ್ಲ ಅಂಗಡಿಗಳಲ್ಲೂ ಇದು ಸಿಗುವುದಿಲ್ಲ. ಸಿಕ್ಕಿದಾಗ ಇಡೀ ಪೆಟ್ಟಿಗೆ ತಂದಿಟ್ಟುಕೊಳ್ಳುವುದು ಮೇಲು. ಉದ್ದದ ವಿಷಯವನ್ನಂತೂ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಒಂದೂವರೆ ಇಂಚಿನ ಸೂಜಿ, ಹೆಗಲುಗಳ ನಡುವೆ ಎತ್ತಿ ಹಿಡಿದ ಚರ್ಮದ ಮಡಿಕೆಯನ್ನು ದಾಟಿ ಆಚೆ ಬದಿಯಿಂದ ಹೊರಬರುವ ಸಂಭವ ಹೆಚ್ಚು.

ಕೊಳ್ಳುವಾಗ ಬಣ್ಣವೊಂದನ್ನೇ ನಂಬಬಾರದು. ಮಾಮೂಲಿ ಸೂಜಿಗಳಲ್ಲಿ ಗುಲಾಬಿ ಎಂದರೆ 18, ಆದರೆ ರಕ್ತನಾಳದಲ್ಲಿ ಇರಿಸುವ ಐ.ವಿ. ಕ್ಯಾನುಲಾಗಳಲ್ಲಿ ಗುಲಾಬಿ ಎಂದರೆ 20; ಹಳದಿ ಅಲ್ಲಿ 24. ಪೊಟ್ಟಣದ ಮೇಲಿನ ಸಂಖ್ಯೆಯನ್ನು ಓದಿಯೇ ತರಬೇಕು. ಹಾಗೆಯೇ ಸೂಜಿ ಸರಿಯಿದ್ದೂ ಹರಿವು ನಿಧಾನವಾದರೆ, ಬಾಟಲಿಯೊಳಕ್ಕೆ ಗಾಳಿ ಹೋಗುತ್ತಿದೆಯೇ ಎಂದು ನೋಡಬೇಕು. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಗಾಳಿದಾರಿಯಿರುವ ಡ್ರಿಪ್ ಸೆಟ್ ಬೇಕು, ತಾನಾಗಿ ಮುದುಡಿಕೊಳ್ಳುವ ಮೆತ್ತನೆಯ ಚೀಲಕ್ಕೆ ಬೇಡ.

ಗಾತ್ರ ಯಾವುದೇ ಇರಲಿ, ಪ್ರತಿ ಸಲವೂ ಹೊಸ ಸೂಜಿಯೇ ಆಗಬೇಕು. ಸಿರಿಂಜಿಗೆ ದ್ರವ ಎಳೆದುಕೊಳ್ಳಲು ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಚುಚ್ಚಿದ ಸೂಜಿಯ ಮೊನೆ ಆಗಲೇ ಮೊಂಡಾಗಿರುವುದರಿಂದ, ಬೆಕ್ಕಿಗೆ ಬೇರೆಯದನ್ನೇ ತೆಗೆದುಕೊಳ್ಳುತ್ತೇನೆ. ಒಮ್ಮೆ ಬಳಸಿದ 22ಕ್ಕಿಂತ ಹೊಸ 20 ಎಷ್ಟೋ ಸಲೀಸಾಗಿ ಚರ್ಮದೊಳಕ್ಕೆ ಇಳಿಯುತ್ತದೆ, ಸೋಂಕಿನ ಭಯವೂ ಕಡಿಮೆ. ಮನೆಯಲ್ಲಿ ಬಳಸಿದ ಸೂಜಿಗಳನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಗೃಹಮೂಲದ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ಕಸ ಎತ್ತುವವರ ಕೈಗೆ ಅವು ಚುಚ್ಚಬಾರದೆಂದು, ಬಿಗಿ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ತುಂಬಿದಾಗ ನಮ್ಮ ಪಶುವೈದ್ಯರ ಕ್ಲಿನಿಕ್ಕಿಗೇ ಒಪ್ಪಿಸುತ್ತೇವೆ.