ಸವಾಕೋನಾ, ತೋರುನಾ: ಮೊದಲು ಯಾರ ಕಥೆ ಓದಬೇಕು?

ಶೋಜೋ ಮಾಂಗಾ (ಹುಡುಗಿಯರಿಗಾಗಿ ಬರೆದ ಜಪಾನಿ ಕಾಮಿಕ್ಸ್) ಓದಲು ಶುರುಮಾಡುವವರಿಗೆ ‘ಕಿಮಿ ನಿ ತೊಡೊಕೆ’, ‘ಫ್ರೂಟ್ಸ್ ಬಾಸ್ಕೆಟ್’ ಎರಡೂ ಒಳ್ಳೆಯ ಆಯ್ಕೆ. ನಾಯಕಿಯರನ್ನು ನೋಡಿ ಆರಿಸಿಕೊಳ್ಳಿ.

‘ಕಿಮಿ ನಿ ತೊಡೊಕೆ’ಯ ಸವಾಕೋಳನ್ನು ಸಹಪಾಠಿಗಳು ದೆವ್ವದ ಸಿನಿಮಾದ ಸದಾಕೋ ಎಂದು ಕರೆದು ದೂರ ಇಡುತ್ತಾರೆ. ಆದರೂ ಅವಳ ಮನಸ್ಸಿನಲ್ಲಿ ಕಹಿ ಇಲ್ಲ. ಪ್ರೀತಿಯಲ್ಲಿ ಎದುರಾಳಿಯಾದ ಕುರುಮಿಯ ಜೊತೆಗೂ ನೇರವಾಗಿ ಮಾತಾಡುತ್ತಾಳೆ. ಆದರೆ ತನ್ನನ್ನೂ ಯಾರಾದರೂ ಇಷ್ಟಪಡಬಹುದು ಅಂತ ಅವಳಿಗೆ ಹೊಳೆಯುವುದೇ ಇಲ್ಲ. ಅವಳನ್ನು ಇಷ್ಟಪಡುವ ಸಹಪಾಠಿ ಕಝೆಹಾಯಾ ಕೂಡ ಬಾಯಿಬಿಡಲು ಹಿಂಜರಿಯುತ್ತಾನೆ. ಹಾಗಾಗಿ 30 ಸಂಪುಟಗಳ ಕಥೆ ಕೆಲವು ಕಡೆ ಜಾಸ್ತಿಯೇ ಎಳೆಯುತ್ತದೆ.

‘ಫ್ರೂಟ್ಸ್ ಬಾಸ್ಕೆಟ್’ನ ತೋರು ಬೇರೆ ಥರ. ತಾಯಿಯನ್ನು ಕಳೆದುಕೊಂಡು ಟೆಂಟಿನಲ್ಲಿ ಇದ್ದವಳು, ಶಾಪ ಹೊತ್ತ ಸೋಮಾ ಮನೆತನದವರ ನೋವಿಗೆ ಕಿವಿಯಾಗುತ್ತಾಳೆ. ಒಬ್ಬೊಬ್ಬರ ಒಳ್ಳೆಯತನವೂ ಅನ್ನದ ಉಂಡೆಯ ಬೆನ್ನಿಗೆ ಅಂಟಿದ ಉಮೆಬೋಶಿ ಉಪ್ಪಿನಕಾಯಿ ಇದ್ದಂತೆ, ಬೇರೆಯವರಿಗೆ ಕಾಣುತ್ತೆ, ನಮಗೆ ಕಾಣಲ್ಲ ಅನ್ನುವ ಅವಳ ಮಾತು ನನಗೆ ತುಂಬಾ ಇಷ್ಟ. ಎಷ್ಟು ನಿಜ ಅಲ್ವಾ! ತನ್ನ ದುಃಖವನ್ನು ಮಾತ್ರ ನಗುವಿನ ಹಿಂದೆ ಮುಚ್ಚಿಡುತ್ತಾಳೆ. ಅದೇ ಅವಳ ದೊಡ್ಡ ಕೊರತೆ.

ಮೊದಲ ಪ್ರೀತಿಯ ನಿಧಾನದ ಕಥೆ ಬೇಕಿದ್ದರೆ ಸವಾಕೋ. ಮನೆಯೊಳಗಿನ ಕ್ರೌರ್ಯ ಓದುವಷ್ಟು ಗಟ್ಟಿ ಮನಸ್ಸಿದ್ದರೆ ತೋರು, 23 ಸಂಪುಟ. ನನ್ನ ಮತ ತೋರುಗೇ.