ಅಳಿಸಿದ ಮೇಲೆ ಬಾಯಿ ತೆರೆದ ಏಡಿ: ಒಂದು ಡ್ರಾಯಿಂಗ್ ಪುಸ್ತಕದ ಬಗ್ಗೆ

ನನ್ನ ಮಗನಿಗೆ ಆರು ವರ್ಷ. ಏಡಿ ಅಂದರೆ ಪ್ರಾಣ. ಅದಕ್ಕೇ ಸುಲಭ ಆಕಾರಗಳಿಂದ ಪ್ರಾಣಿಗಳನ್ನು ಬಿಡಿಸಲು ಕಲಿಸುವ ಒಂದು ಪುಸ್ತಕ ತಂದೆ. ಮೂರು ವಾರ ಆಯಿತು, ನಾವಿನ್ನೂ ಏಡಿಯ ಪುಟ ಬಿಟ್ಟು ಮುಂದೆ ಹೋಗಿಲ್ಲ. ಹಾಗಾಗಿ ನಾನು ಹೇಳುವುದೆಲ್ಲ ಆ ಒಂದು ಪುಟದ ಬಗ್ಗೆಯೇ.

ಮೊದಲು ಅಡ್ಡಕ್ಕೆ ಮಲಗಿದ ಒಂದು ಮೊಟ್ಟೆಯಾಕಾರ. ಉದ್ದಕ್ಕಿಂತ ಅಗಲ ಜಾಸ್ತಿ. ಪುಸ್ತಕ ಇದನ್ನು ಒತ್ತಿ ಹೇಳಿದ್ದು ಒಳ್ಳೆಯದಾಯಿತು. ಮಕ್ಕಳ ಕೈ ತಾನಾಗಿಯೇ ದುಂಡಗೆ ಸುತ್ತುತ್ತದೆ, ದುಂಡಗಾದರೆ ಅದು ಜೇಡವಾಗಿಬಿಡುತ್ತದೆ. ಆಮೇಲೆ ಎರಡು ಚಿಕ್ಕ ಕಡ್ಡಿ, ಅವುಗಳ ತುದಿಯಲ್ಲಿ ಎರಡು ಸೊನ್ನೆ. ಕಣ್ಣು ಮುಗಿಯಿತು.

ನನಗೆ ತುಂಬಾ ಇಷ್ಟವಾಗಿದ್ದು ಇಕ್ಕಳದ ಹಂತ. ಒಂದು ದೊಡ್ಡ ಸೊನ್ನೆ ಹಾಕಬೇಕು. ಅದರೊಳಗೆ ಅಂಚಿಗೆ ತಾಗುವಂತೆ ಚೂಪಾದ ತ್ರಿಕೋನ. ಆಮೇಲೆ ತ್ರಿಕೋನದ ಮುಂದಿರುವ ಗೆರೆಯನ್ನು ಅಳಿಸಬೇಕು. ಅಷ್ಟೇ, ಇಕ್ಕಳ ಬಾಯಿ ತೆರೆಯುತ್ತದೆ! "ಅಮ್ಮಾ, ಕಚ್ಚೋಕೆ ಬರ್ತಿದೆ ನೋಡು" ಎಂದು ಮಗ ಕೂಗಿಕೊಂಡ. ರಬ್ಬರ್ ಇರುವುದು ತಪ್ಪು ತಿದ್ದಲು ಎಂದಷ್ಟೇ ಅವನಿಗೆ ಗೊತ್ತಿತ್ತು. ಅಳಿಸಿಯೂ ಬಿಡಿಸಬಹುದು ಅಂತ ಅವತ್ತು ತಿಳಿಯಿತು.

ಬೇಸರವಾಗಿದ್ದು ಕಾಲುಗಳ ವಿಷಯದಲ್ಲಿ. ಈ ಏಡಿಗೆ ಒಂದೊಂದು ಬದಿಗೆ ಮೂರೇ ಕಾಲು. ಏಡಿಗೆ ಒಟ್ಟು 10 ಕಾಲು. ಅವುಗಳಲ್ಲಿ ಎರಡು ಇಕ್ಕಳಗಳು. ಉಳಿದ ಎಂಟು, ಅಂದರೆ ಬದಿಗೆ ನಾಲ್ಕು, ಇರಲೇಬೇಕು ಅಲ್ವಾ? ಮಕ್ಕಳ ಪುಸ್ತಕ ತಾನೇ, ಬಿಡಿ ಎನ್ನಬಹುದು. ನಾನು ಒಪ್ಪುವುದಿಲ್ಲ. ಈ ವಯಸ್ಸಲ್ಲಿ ಕೈ ಕಲಿತದ್ದನ್ನು ಆಮೇಲೆ ಮರೆಸುವುದು ಕಷ್ಟ.

ಜೊತೆಗೆ ಕಾಲುಗಳೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ನೆಟ್ಟಗಿವೆ. ನಾವು ಅದನ್ನು ಬದಲಾಯಿಸಿಕೊಂಡೆವು. ಒಂದು ಕಾಲಿಗೆ ಎರಡು ಸಣಕಲು ಮೊಟ್ಟೆಯಾಕಾರ, ತುದಿಗೆ ಒಂದು ಚೂಪು ತ್ರಿಕೋನ. ಮೊದಲನೆಯದು ಮೇಲಕ್ಕೆ ಏರಬೇಕು, ಎರಡನೆಯದು ಕೆಳಕ್ಕೆ ಇಳಿಯಬೇಕು. ಕೀಲು ಬಂದದ್ದೇ ತಡ, ಏಡಿ ಕಾಗದದ ಮೇಲೆ ಎದ್ದು ನಿಂತಿತು. ಈ ಕೀಲುಗಳು ಪಕ್ಕಕ್ಕೆ ಚೆನ್ನಾಗಿ ಮಡಚುತ್ತವೆ, ಅದಕ್ಕೇ ಏಡಿ ಅಡ್ಡಡ್ಡ ಓಡುತ್ತದೆ ಎಂದೆ. ಮಗ ಎದ್ದು ಕೋಣೆ ಪೂರ್ತಿ ಅಡ್ಡಡ್ಡ ನಡೆದು ಬಂದು, ಮತ್ತೆ ಪೆನ್ಸಿಲ್ ಹಿಡಿದ.

ಇನ್ನೊಂದು ತೊಂದರೆ ಇದೆ. ಮಾದರಿ ಚಿತ್ರ ಪುಟದ ಎಡಕ್ಕೆ, ಬಿಡಿಸುವ ಖಾಲಿ ಜಾಗ ಬಲಕ್ಕೆ. ನನ್ನ ಮಗ ಎಡಗೈಯವನು. ಬಿಡಿಸುವಾಗ ಅವನ ತೋಳೇ ಮಾದರಿಯನ್ನು ಮುಚ್ಚುತ್ತದೆ. ಪುಸ್ತಕವನ್ನು ಪಕ್ಕಕ್ಕಿಟ್ಟು ಬೇರೆ ಹಾಳೆಯಲ್ಲಿ ಬಿಡಿಸಿದ ಮೇಲೆ ಸರಿಹೋಯಿತು. ಕಾಗದವೇನೋ ದಪ್ಪ, ಸ್ಕೆಚ್ ಪೆನ್ನಿನ ಬಣ್ಣ ಹಿಂದಕ್ಕೆ ಇಳಿಯುವುದಿಲ್ಲ.

ಆರೇಳು ವರ್ಷದ ಮಕ್ಕಳಿಗೆ ಧೈರ್ಯವಾಗಿ ಕೊಡಿಸಿ. ಆದರೆ ಕೊಡುವ ಮೊದಲು ಆ ಏಡಿಗೆ ನೀವೇ ಪೆನ್ಸಿಲ್ಲಿನಿಂದ ಬದಿಗೊಂದು ಕಾಲು ಸೇರಿಸಿ.

ಮೊನ್ನೆ ಒಂದು ಇಕ್ಕಳ ಇನ್ನೊಂದಕ್ಕಿಂತ ತೀರಾ ದೊಡ್ಡದಾಯಿತು. ಮಗ ಹಾಳೆ ಹರಿಯಲು ಹೊರಟಿದ್ದ. ಫಿಡ್ಲರ್ ಏಡಿ ಅಂತ ಇದೆ, ಅದರಲ್ಲಿ ಗಂಡಿಗೆ ಒಂದು ಇಕ್ಕಳ ಹೀಗೇ ದೊಡ್ಡದಾಗಿರುತ್ತದೆ ಎಂದು ಹೇಳಿದೆ.

"ಯಾವ ಕಡೆದು?"

"ಕೆಲವಕ್ಕೆ ಬಲಗಡೆ, ಕೆಲವಕ್ಕೆ ಎಡಗಡೆ."

ಅವನು ಹಾಳೆ ಕೆಳಗಿಟ್ಟ. ಹೊಸ ಹಾಳೆ ತೆಗೆದುಕೊಂಡು, ಎಡಗಡೆಯ ಇಕ್ಕಳಕ್ಕೆ ಬೇಕಂತಲೇ ದೊಡ್ಡದೊಂದು ಸೊನ್ನೆ ಸುತ್ತಲು ಶುರುಮಾಡಿದ.