ಎನ್‌ಐಸಿಯು ಬಾಗಿಲಲ್ಲಿ 34 ದಿನ: ಹಾಸನದ ಒಂದು ಆಸ್ಪತ್ರೆಯ ವಿಮರ್ಶೆ

ಸಕಲೇಶಪುರದಲ್ಲಿ 30 ವಾರಕ್ಕೇ ಹುಟ್ಟಿದ ನನ್ನ ಮಗಳನ್ನು ಕಳೆದ ಹಾಸನಾಂಬ ದರ್ಶನದ ದಿನಗಳಲ್ಲಿ ಹಾಸನದ ಖಾಸಗಿ ಆಸ್ಪತ್ರೆಯೊಂದರ ನವಜಾತ ಶಿಶು ತೀವ್ರ ನಿಗಾ ಘಟಕಕ್ಕೆ, ಅಂದರೆ ಎನ್‌ಐಸಿಯುಗೆ, ಸೇರಿಸಿದ್ದೆವು. ಹುಟ್ಟುತೂಕ 1,240 ಗ್ರಾಂ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ಅಂಥ ಬಾಗಿಲ ಮುಂದೆ ನಿಲ್ಲಬೇಕಾಗಿ ಬಂದವರು ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದನ್ನು ಹೇಳುವುದಷ್ಟೇ ಇಲ್ಲಿನ ಉದ್ದೇಶ.

ದರ್ಶನಕ್ಕೆ ಬಂದ ವಾಹನಗಳ ನಡುವೆ ನುಸುಳಿಕೊಂಡು ಆಂಬುಲೆನ್ಸ್ ಆಸ್ಪತ್ರೆ ತಲುಪಿದಾಗ, ಘಟಕದ ಮುಖ್ಯ ವೈದ್ಯೆ ಬಾಗಿಲಲ್ಲೇ ನಿಂತಿದ್ದರು. ಅವರ ಮೊದಲ ಪ್ರಶ್ನೆ, ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೇ ಎಂಬುದು. ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ಅದನ್ನು ಕೊಡುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಒಂದು ಡೋಸ್ ಆಗಿದೆ ಎಂದು ಚೀಟಿಯಲ್ಲಿತ್ತು. ಚೀಟಿ ಓದುತ್ತಲೇ ಅವರು ಒಳಗೆ ನಡೆದರು. ನನ್ನ ತಾಯಿ ಹಿಂದಿನಿಂದ, "ಕೂಸು ಉಳ್ಕತದೇನವ್ವಾ?" ಎಂದರು. "ಇವತ್ತು ಹೇಳಕ್ಕಾಗಲ್ಲ ಅಜ್ಜಿ, ನಾಳೆ ಬೆಳಿಗ್ಗೆ ಕೇಳಿ" ಎಂಬ ಉತ್ತರ ಬಂತು. 34 ದಿನಗಳಲ್ಲಿ ಒಮ್ಮೆಯೂ ಅವರು ಸುಳ್ಳು ಭರವಸೆ ಕೊಡಲಿಲ್ಲ. ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಅದೇ.

ಮೊದಲ ಗಂಟೆಯಲ್ಲೇ ಸರ್ಫ್ಯಾಕ್ಟಂಟ್ ಕೊಟ್ಟರು. ಉಸಿರು ಬಿಟ್ಟಾಗ ಶ್ವಾಸಕೋಶದ ಗಾಳಿಚೀಲಗಳು ಒಂದಕ್ಕೊಂದು ಅಂಟಿ ಮುಚ್ಚಿಹೋಗದಂತೆ ತಡೆಯುವ ವಸ್ತು ಅದು. ತೀರಾ ಮುಂಚೆ ಹುಟ್ಟಿದ ಮಕ್ಕಳಲ್ಲಿ ಸಾಕಷ್ಟು ತಯಾರಾಗಿರುವುದಿಲ್ಲ. ಈ ಕೊರತೆಯೇ ಅಂಥ ಮಕ್ಕಳ ಉಸಿರಾಟದ ತೊಂದರೆಯ ಮೂಲವೆಂದು ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ 1959ರಲ್ಲಿ ತೋರಿಸಿದ್ದರೂ ಅದಕ್ಕೊಂದು ಚಿಕಿತ್ಸೆ ಫಲಿಸಲು ಇನ್ನೂ ಎರಡು ದಶಕ ಬೇಕಾಯಿತು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ, ನನ್ನ ಮಗಳಿಗಿಂತ ಹೆಚ್ಚು ಬಲಿತು ಹುಟ್ಟಿದ್ದವನು, ಇದೇ ತೊಂದರೆಯಿಂದ 39 ಗಂಟೆಗಳಲ್ಲಿ ತೀರಿಕೊಂಡ. ಜಪಾನಿನ ವೈದ್ಯ ಫುಜಿವಾರ ಸರ್ಫ್ಯಾಕ್ಟಂಟ್ ಚಿಕಿತ್ಸೆ ಫಲಿಸಿದ್ದನ್ನು 1980ರಲ್ಲಿ ಪ್ರಕಟಿಸಿದರು. ಶ್ವೇತಭವನದಲ್ಲಿದ್ದವರಿಗೆ ಅಂದು ಸಿಗದಿದ್ದದ್ದು ಇಂದು ಹಾಸನದ ಫ್ರಿಜ್ಜಿನಲ್ಲಿ ಇರುತ್ತದೆ. ಆದರೆ ಆ ವಯಲ್‌ನ ಬೆಲೆ 14,000 ರೂಪಾಯಿ ಎಂಬುದು ನನಗೆ ಗೊತ್ತಾದದ್ದು ಬಿಲ್ಲಿನಲ್ಲಿ. ಆ ಗಳಿಗೆಯಲ್ಲಿ ಎಷ್ಟೆಂದರೂ ಒಪ್ಪುತ್ತಿದ್ದೆ, ನಿಜ. ಹಾಗೆಂದು ಹೇಳದೇ ಇದ್ದದ್ದು ಸರಿಯಾಗುವುದಿಲ್ಲ.

ಇನ್ನು ಫಲಕದ ವಿಷಯ. "ನವಜಾತ ಶಿಶು ತಜ್ಞರು 24 ಗಂಟೆಯೂ ಲಭ್ಯ" ಎಂದು ಬಾಗಿಲ ಮೇಲೆ ಬರೆದಿದೆ. ಲಭ್ಯ ಎಂಬ ಪದ ಎಷ್ಟು ಹಿಗ್ಗಬಲ್ಲದು ಎಂಬುದು ನನಗೆ ಎರಡನೆಯ ವಾರದಲ್ಲಿ ಅರ್ಥವಾಯಿತು. ಘಟಕದಲ್ಲಿ ನವಜಾತ ಶಿಶು ವೈದ್ಯಶಾಸ್ತ್ರದಲ್ಲೇ ಡಿಎಂ ಎಂಬ ಉನ್ನತ ಪದವಿ ಮಾಡಿದವರು ಮುಖ್ಯ ವೈದ್ಯೆಯಾದ ಈ ಮೇಡಂ ಒಬ್ಬರೇ. ಎರಡನೆಯವರು ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂಡಿ ಮುಗಿಸಿ ಇದೇ ವಿಷಯದಲ್ಲಿ ಫೆಲೋಶಿಪ್ ಮಾಡುತ್ತಿರುವ ಯುವಕ. ಮೂರನೆಯವರು ರಾತ್ರಿ ಪಾಳಿಯ ಎಂಬಿಬಿಎಸ್ ವೈದ್ಯರು. ಮೂವರೂ ಶ್ರದ್ಧೆಯವರೇ, ಆದರೆ ಮೂವರ ತರಬೇತಿಯೂ ಒಂದೇ ಅಲ್ಲ, ಫಲಕ ಮೂವರನ್ನೂ ಒಂದೇ ಪದದಲ್ಲಿ ಸೇರಿಸಿಬಿಟ್ಟಿದೆ.

ಇಂಥ ತಜ್ಞರಾಗುವ ದಾರಿ ಎಷ್ಟು ಉದ್ದ ಎಂಬುದನ್ನು ಮೇಡಂ ಒಂದು ಸಂಜೆ ಕಾರಿಡಾರಿನಲ್ಲಿ ನಿಂತೇ ಲೆಕ್ಕ ಹಾಕಿ ಹೇಳಿದರು. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ 1 ವರ್ಷ, ನೀಟ್ ಪಿಜಿ ಬರೆದು ಎಂಡಿ 3 ವರ್ಷ, ಬಳಿಕ ನೀಟ್ ಎಸ್‌ಎಸ್ ಬರೆದು ಡಿಎಂ ಅಥವಾ ಅದಕ್ಕೆ ಸಮನಾದ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಆರ್‌ಎನ್‌ಬಿ ಇನ್ನೂ 3 ವರ್ಷ. 18ಕ್ಕೆ ಪಿಯುಸಿ ಮುಗಿಸಿದವರು ಒಂದು ವರ್ಷವನ್ನೂ ಕಳೆದುಕೊಳ್ಳದಿದ್ದರೂ ಹೊರಬರುವಾಗ ಮೂವತ್ತು ಹತ್ತಿರವಾಗಿರುತ್ತದೆ. ಅಷ್ಟು ಓದಿದವರು ಸಾಮಾನ್ಯವಾಗಿ ದೊಡ್ಡ ನಗರದಲ್ಲೇ ಉಳಿಯುತ್ತಾರೆ, ಅದಕ್ಕೆ ಸಂಬಳವೊಂದೇ ಕಾರಣವಲ್ಲ. ಪಳಗಿದ ದಾದಿಯರು, ಮಕ್ಕಳ ಶಸ್ತ್ರಚಿಕಿತ್ಸಕರು, ಹೃದಯ ತಜ್ಞರು ಪಕ್ಕದಲ್ಲಿ ಇಲ್ಲದೆ ಈ ಕೆಲಸ ಮುಂದೆ ಸಾಗುವುದಿಲ್ಲ. ಇವರು ಅರಕಲಗೂಡಿನ ಕಡೆಯವರು, ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಹಿಂತಿರುಗಿದವರು. "ಅಲ್ಲಿ ಸಂಶಯ ಬಂದ್ರೆ ಇನ್ನೊಬ್ಬರನ್ನ ಕೇಳಬಹುದಿತ್ತು ಸರ್, ಇಲ್ಲಿ ನನ್ನನ್ನೇ ಕೇಳ್ಕೋಬೇಕು" ಎಂದರು. ಹಾಸನಾಂಬೆಯ ದರ್ಶನವಾಗಿ ನಾಲ್ಕು ವರ್ಷವಾಯಿತಂತೆ; ಸರದಿಯಲ್ಲಿ ನಿಂತಾಗ ಫೋನ್ ಬಂದರೆ ಹಿಂದಕ್ಕೆ ಬರಲು ದಾರಿಯೇ ಇರುವುದಿಲ್ಲ ಎಂಬ ಭಯ.

ಹೀಗಿರುವಾಗ ರಾತ್ರಿ ನಿಜವಾಗಿ ಕಾಯುವವರು ದಾದಿಯರು. ಹತ್ತು ಹಾಸಿಗೆಗಳ ಈ ಘಟಕದಲ್ಲಿ ಹಗಲು ಎರಡು ಮಕ್ಕಳಿಗೆ ಒಬ್ಬರು, ರಾತ್ರಿ ನಾಲ್ಕಕ್ಕೆ ಒಬ್ಬರು. ರಾತ್ರಿಯ ಲೆಕ್ಕ ನನಗೆ ಸಾಲದೆನಿಸಿತು. ಒಂಬತ್ತನೆಯ ರಾತ್ರಿ ನಮ್ಮ ಸಿಸ್ಟರ್ ಹಾಲು ಕೊಡುವ ಮುನ್ನ ಮಗುವಿನ ಹೊಟ್ಟೆಗೆ ಟೇಪು ಸುತ್ತಿ ನೋಡಿದರೆ ಸಂಜೆಗಿಂತ 2 ಸೆಂಟಿಮೀಟರ್ ಹೆಚ್ಚಿತ್ತು. ಯಾವ ಯಂತ್ರವೂ ಕೂಗಿರಲಿಲ್ಲ. ಅವರು ಸಿರಿಂಜನ್ನು ಕೆಳಗಿಟ್ಟು ಪಾಳಿಯ ವೈದ್ಯರನ್ನು ಕರೆದರು, ಅವರು 2.40ಕ್ಕೆ ಮೇಡಂಗೆ ಫೋನ್ ಮಾಡಿದರು. ಮೂರು ಗಂಟೆಯ ಹೊತ್ತಿಗೆ ಮೇಡಂ ಶಾಲು ಹೊದ್ದು ಮೆಟ್ಟಿಲು ಹತ್ತುತ್ತಿದ್ದರು. ದಿನ ತುಂಬದ ಮಕ್ಕಳ ಕರುಳು ಹಾಳಾಗುವ ಒಂದು ಕೆಟ್ಟ ಕಾಯಿಲೆಯ ಅನುಮಾನ ಅದು. ಎಕ್ಸ್‌ರೇ ತೆಗೆದು, ಹಾಲು ನಿಲ್ಲಿಸಿ, ಆಂಟಿಬಯಾಟಿಕ್ ಶುರುಮಾಡಿದರು. ಎರಡು ದಿನದಲ್ಲಿ ಹೊಟ್ಟೆ ಇಳಿಯಿತು. ಫಲಕದ ಮೇಲೆ ಆ ಸಿಸ್ಟರ್ ಅವರ ಉಲ್ಲೇಖವೇ ಇಲ್ಲ.

ರಕ್ತದಲ್ಲಿನ ಆಮ್ಲಜನಕ ಪರದೆಯ ಮೇಲೆ ಶೇಕಡಾ 90ರಿಂದ 95ರೊಳಗೆ ಇರಬೇಕೆಂದೂ, ಹೆಚ್ಚಾದರೂ ಎಚ್ಚರಿಕೆ ಕೂಗುತ್ತದೆಂದೂ ಆ ಸಿಸ್ಟರೇ ವಿವರಿಸಿದ್ದರು. ಅಗತ್ಯಕ್ಕಿಂತ ಹೆಚ್ಚಿನ ಆಮ್ಲಜನಕ ಇಂಥ ಮಕ್ಕಳ ಕಣ್ಣಿನ ಅಕ್ಷಿಪಟಲಕ್ಕೆ ಅಪಾಯ. ನಾಲ್ಕನೆಯ ವಾರದಲ್ಲಿ ಕಣ್ಣಿನ ತಪಾಸಣೆಯನ್ನು ನಾವು ಕೇಳುವ ಮೊದಲೇ ಮಾಡಿಸಿದರು, ಅದಕ್ಕೆ ಪೂರ್ಣ ಅಂಕ. ಮಗು ನಡುನಡುವೆ ಉಸಿರು ನಿಲ್ಲಿಸುತ್ತಿದ್ದುದಕ್ಕೆ ದಿನವೂ ಕೆಫೀನ್ ಕೊಡುತ್ತಿದ್ದರು. ಕಾಫಿಯಲ್ಲಿರುವುದೇ ಅದು ಎಂದು ಕೇಳಿ, ಮೂವತ್ತು ವರ್ಷ ಕಾಫಿ ತೋಟದಲ್ಲಿ ಹಣ್ಣು ಬಿಡಿಸಿದ ನನ್ನ ತಾಯಿ ಆ ವಾರದಲ್ಲಿ ಮೊದಲ ಸಲ ನಕ್ಕರು.

ತಾಯಂದಿರ ಸೌಕರ್ಯ ಮಾತ್ರ ತೀರಾ ಕಳಪೆ. ಎದೆಹಾಲೇ ಮದ್ದು ಎಂದು ದಿನಕ್ಕೆ ಹತ್ತು ಸಲ ಹೇಳುವವರು, ಹಾಲು ತೆಗೆಯಲು ಕೊಟ್ಟಿರುವುದು ಸ್ಟೋರ್ ರೂಮಿನ ಪಕ್ಕ ಪರದೆ ಎಳೆದ ಒಂದು ಮೂಲೆಯನ್ನು. ಸಿಸೇರಿಯನ್ ಆದ ನನ್ನ ಹೆಂಡತಿ ಎಂಟು ದಿನ ಕಬ್ಬಿಣದ ಬೆಂಚಿನ ಮೇಲೆ ಕಳೆದಳು. ಮಗುವನ್ನು ಎದೆಗೆ ಅಪ್ಪಿ ಬೆಚ್ಚಗಿಡುವ ಕಾಂಗರೂ ಆರೈಕೆ ಕೊಲಂಬಿಯಾದ ಬೊಗೋಟಾದಲ್ಲಿ ಯಂತ್ರಗಳ ಕೊರತೆಯಿಂದಲೇ ಹುಟ್ಟಿದ್ದು. ಅದಕ್ಕೆ ಬೇಕಾದ ಒರಗು ಕುರ್ಚಿ ಹತ್ತು ಮಕ್ಕಳಿಗೆ ಇಲ್ಲಿ ಒಂದೇ ಇದೆ. ನಮ್ಮ ಸರದಿ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಿತ್ತು.

ಹಣದ ಬಗ್ಗೆ ಇನ್ನೊಂದು ಮಾತು. ದಿನಕ್ಕೆ ಸರಾಸರಿ 9,000 ರೂಪಾಯಿ ಬಿತ್ತು. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂಬ ವಿಶೇಷ ನವಜಾತ ಶಿಶು ಘಟಕಗಳಿವೆ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅಲ್ಲಿನ ಆರೈಕೆ ಉಚಿತ ಎಂಬುದನ್ನು ನಮಗೆ ಯಾರೂ ಹೇಳಲಿಲ್ಲ. ಕೌಂಟರಿನವರು ಹೇಳುತ್ತಾರೆಂದು ಕಾಯಬೇಡಿ. ಖಾಸಗಿಗೇ ಹೋಗುವುದಾದರೆ, ಘಟಕಕ್ಕೆ ರಾಷ್ಟ್ರೀಯ ನವಜಾತ ಶಿಶು ವೇದಿಕೆಯಾದ ಎನ್‌ಎನ್‌ಎಫ್‌ನ ಮಾನ್ಯತೆ ಇದೆಯೇ, ರಾತ್ರಿ ಒಳಗೆ ಎದ್ದಿರುವವರು ಯಾರು, ಅವರು ಏನು ಓದಿದ್ದಾರೆ, ಒಬ್ಬ ಸಿಸ್ಟರಿಗೆ ಎಷ್ಟು ಮಕ್ಕಳು ಎಂದು ಕೇಳಿ. ನಾನು ಕೇಳಿದಾಗ ಕೌಂಟರಿನವರು ಮುಖ ಸಿಂಡರಿಸಿದರು, ಮೇಡಂ ಮಾತ್ರ ಕುಳಿತು ಉತ್ತರಿಸಿದರು.

ಮಗಳು 1,760 ಗ್ರಾಂ ತೂಗಿದ ದಿನ ಮನೆಗೆ ಬಂದೆವು. ಕಳೆದ ವಾರ ಆಸ್ಪತ್ರೆಯಿಂದ ಫೋನ್ ಬಂತು: ನಿಗದಿಯಾಗಿದ್ದ ತಪಾಸಣೆಯ ದಿನ ಮೇಡಂ ರಜೆ, ಬೇಕಿದ್ದರೆ ಕಿರಿಯ ವೈದ್ಯರು ನೋಡುತ್ತಾರೆ ಎಂದರು. ತುರ್ತೇನೂ ಇರಲಿಲ್ಲ. ಮುಂದಿನ ಸೋಮವಾರಕ್ಕೆ ಬರೆದುಕೊಳ್ಳಿ ಎಂದೆ.